ಫ್ಲೈಓವರ್ ಆಗೋತನಕ ನಾವು ಹೆಂಗ್ ಓಡಾಡೋದ್ರಿ?

ಮುನವಳ್ಳಿಯಿಂದ ಹುಬ್ಬಳ್ಳಿಗೆ ಹೊರಟವರಿಗೆ ಧಾರವಾಡದ ತನಕ ಚಿಂತೆ ಇಲ್ಲ. ಸವದತ್ತಿ, ಇನಾಮಹೊಂಗಲ, ಅಮ್ಮಿನಭಾವಿ... ಯಾವ ಊರಿಗೆ ಎಷ್ಟೊತ್ತಿಗೆ ಬಸ್ ಮುಟ್ಟುತ್ತದೆ ಅಂತ ಕಣ್ಣು ಮುಚ್ಚಿಕೊಂಡೇ ಹೇಳಬಹುದು. ಲೆಕ್ಕ ತಪ್ಪುವುದು ಅದರ ಮುಂದಿನ 20 ಕಿಲೋಮೀಟರ್‌ನಲ್ಲಿ. ಅದರಲ್ಲೂ ಹುಬ್ಬಳ್ಳಿಯ ಚೆನ್ನಮ್ಮ ಸರ್ಕಲ್ ಹತ್ತಿರ.

ಗದಗ, ವಿಜಯಪುರ, ಕಾರವಾರ, ಧಾರವಾಡ ಕಡೆಯ ರಸ್ತೆಗಳೆಲ್ಲ ಬಂದು ಕೂಡುವ ಜಾಗ ಅದು. ಈ ಗಂಟು ಬಿಡಿಸಲೆಂದೇ ಮೇಲ್ಸೇತುವೆಗೆ 2021ರಲ್ಲಿ ಶಂಕುಸ್ಥಾಪನೆ ಆಯಿತು. ಕಂಬ ಏಳುತ್ತಿದ್ದಂತೆ ಕೆಳಗಿನ ರಸ್ತೆ ಕಿರಿದಾಯಿತು. 2025ರ ಏಪ್ರಿಲ್ 20ರಿಂದ ಹಳೇ ಬಸ್ ನಿಲ್ದಾಣವನ್ನು ನಾಲ್ಕು ತಿಂಗಳ ಮಟ್ಟಿಗೆ ಮುಚ್ಚುವುದಾಗಿ ಹೇಳಿ, ಬಸ್ಸುಗಳನ್ನು ಹೊಸೂರು ಮತ್ತು ಗೋಕುಲ ರಸ್ತೆಯ ನಿಲ್ದಾಣಗಳಿಗೆ ಕಳಿಸಿದರು. ಶಾಲೆ ರಜೆ ಇದ್ದಾಗ ಶುರು ಮಾಡಿದ್ದು ಒಳ್ಳೆಯದೇ. ಆದರೆ ಹಳ್ಳಿಯಿಂದ ಬಂದ ಮುದುಕಿಗೆ "ನಿಮ್ಮ ಬಸ್ ಇಲ್ಲಿಲ್ಲವ್ವ, ಅಲ್ಲೈತಿ" ಅಂತ ಹೇಳುವವರು ಯಾರು? ಬೋರ್ಡ್ ಓದಲು ಬಾರದವರಿಗೆ ಎರಡು ನಿಲ್ದಾಣದ ನಡುವಿನ ಆಟೋ ಬಾಡಿಗೆಯೇ ದೊಡ್ಡ ಪೆಟ್ಟು.

ಇದು ಬರೀ ಅರ್ಧ ತಾಸು ತಡವಾದ ಮಾತಲ್ಲ. ನಮ್ಮ ಕಡೆಯ ಎಷ್ಟೋ ಮಂದಿ ಹೋಗುವುದು ವಿದ್ಯಾನಗರದ ಕೆಎಂಸಿ-ಆರ್‌ಐಗೆ, ಅಂದರೆ ನಮ್ಮ ಬಾಯಲ್ಲಿ ಇನ್ನೂ ಕಿಮ್ಸ್. ಚೀಟಿ ಮಾಡಿಸುವ ಹೊತ್ತು ಮೀರಿತು ಅಂದರೆ ಒಂದು ದಿನದ ಕೂಲಿ, ಬಸ್ ಚಾರ್ಜು, ಜೋಡಿ ಬಂದ ಮಗನ ರಜೆ ಎಲ್ಲಾ ನೀರಿಗೆ ಹೋಯಿತು.

ಹಾಗಂತ ಹುಬ್ಬಳ್ಳಿ-ಧಾರವಾಡದಲ್ಲಿ ಒಳ್ಳೆಯದೇನೂ ಆಗಿಲ್ಲ ಅನ್ನಲಾಗದು. ಚಿಗರಿ ಇದೆಯಲ್ಲ! 2018ರಲ್ಲಿ ಪ್ರಾಯೋಗಿಕವಾಗಿ ಓಡಿ, 2020ರ ಫೆಬ್ರುವರಿಯಲ್ಲಿ ಆಗಿನ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಅವರಿಂದ ಅಧಿಕೃತವಾಗಿ ಉದ್ಘಾಟನೆಗೊಂಡ ಬಿಆರ್‌ಟಿಎಸ್. ರಸ್ತೆಯ ನಟ್ಟನಡುವೆ ಸುಮಾರು 22 ಕಿಲೋಮೀಟರ್ ಬಸ್ಸಿಗೇ ಮೀಸಲು. ಎಸಿ ಬಸ್ಸು, ಬಲಗಡೆ ಬಾಗಿಲು, ಮಧ್ಯದಲ್ಲೇ ನಿಲ್ದಾಣ. ನಡುವೆ ಎಲ್ಲೂ ನಿಲ್ಲದ ಬಸ್ ಸಿಕ್ಕರೆ ಧಾರವಾಡದಿಂದ ಹುಬ್ಬಳ್ಳಿ ಬಂದದ್ದೇ ಗೊತ್ತಾಗುವುದಿಲ್ಲ.

ಅದರ ಪಕ್ಕದ ಲೇನ್‌ನಲ್ಲಿ ಬೈಕ್ ಹಿಡಿದು ನಿಂತವರ ಕಥೆಯೇ ಬೇರೆ. "ನಡುವಿನ ರಸ್ತೆ ಖಾಲಿ ಬಿದ್ದೈತಿ, ನಾವು ಇಲ್ಲಿ ಒಣಗಾಕತ್ತೀವಿ" ಅನ್ನೋ ಮಾತು ಅಲ್ಲಿ ಮಾಮೂಲು. ಬಸ್ಸಿನ ಲೇನ್ ಖಾಲಿ ಕಾಣಬೇಕು, ಅದಕ್ಕೇ ಅದು ವೇಗ. ಒಂದು ತುಂಬಿದ ಚಿಗರಿ ರಸ್ತೆಯಿಂದ ಎಷ್ಟು ಬೈಕು ಇಳಿಸುತ್ತದೆ ಲೆಕ್ಕ ಹಾಕಿ. ಆದರೆ ಜೋರು ಮಳೆ ಬಂದರೆ ಧಾರವಾಡದ ಟೋಲ್‌ನಾಕಾ, ಎನ್‌ಟಿಟಿಎಫ್ ಬಳಿ ನೀರು ನಿಲ್ಲುತ್ತದಲ್ಲ, ಅದಕ್ಕೆ ಈ ವಾದ ನಡೆಯುವುದಿಲ್ಲ. ಗಟಾರ ಸರಿ ಮಾಡದೆ ರಸ್ತೆ ಅಗಲ ಮಾಡಿದರೆ ಮಳೆಗಾಲದಲ್ಲಿ ಹೊಸ ರಸ್ತೆಯೂ ಹಳೇದೇ.

ಹಾಗಾದರೆ ಕಾಮಗಾರಿ ನಡೆಯುವಾಗ ಏನು ಮಾಡಬೇಕು? ನನ್ನ ಪ್ರಕಾರ ಮೊದಲ ಕೆಲಸ ಒಳರಸ್ತೆಗಳದ್ದು. ದೊಡ್ಡ ರಸ್ತೆ ಬಂದ್ ಮಾಡುವ ಮೊದಲೇ, ವಾಹನ ತಿರುಗಿಸುವ ಗಲ್ಲಿಗಳ ಗುಂಡಿ ಮುಚ್ಚಿ, ಅಲ್ಲಿನ ಪಾರ್ಕಿಂಗ್ ತೆಗೆಸಬೇಕು. ನಮ್ಮಲ್ಲಿ ಬಹುಸಲ ಇದು ಉಲ್ಟಾ: ಬಂದ್ ಮೊದಲು, ಗುಂಡಿ ಆಮೇಲೆ. ಲಾರಿಗಳು ರಾತ್ರಿ ಮಾತ್ರ ಊರೊಳಗೆ ಬರಲಿ. ಆಂಬುಲೆನ್ಸ್‌ಗೆ ಒಂದು ದಾರಿ ಸದಾ ತೆರೆದಿರಲಿ. ಬಸ್ ಎಲ್ಲಿಗೆ ಹೋಗಿದೆ ಅಂತ ಹುಬ್ಬಳ್ಳಿಯಲ್ಲಿ ಇಳಿದ ಮೇಲೆ ಅಲ್ಲ, ಸವದತ್ತಿ ಸ್ಟ್ಯಾಂಡ್‌ನಲ್ಲೇ ಮೈಕಿನಲ್ಲಿ ಹೇಳಿದರೆ ಎಷ್ಟು ಖರ್ಚು? ಇನ್ನು ಮೇಲೆ ಕ್ರೇನ್, ಕೆಳಗೆ ಜನ ಅನ್ನುವ ಪರಿಸ್ಥಿತಿ ಬರಲೇಬಾರದು. 2024ರ ಸೆಪ್ಟೆಂಬರ್‌ನಲ್ಲಿ ಇದೇ ಮೇಲ್ಸೇತುವೆ ಕಾಮಗಾರಿಯ ಕಬ್ಬಿಣದ ರಾಡ್ ತಲೆ ಮೇಲೆ ಬಿದ್ದು ಎಎಸ್‌ಐ ಒಬ್ಬರು ಜೀವ ಕಳೆದುಕೊಂಡರು. ಅವರು ಆ ರಸ್ತೆಯಲ್ಲಿ ಬೈಕ್ ಮೇಲೆ ಹೊರಟಿದ್ದರು, ಅಷ್ಟೇ.

ಬೆಂಗಳೂರಿನವರಿಗೆ ವರ್ಕ್ ಫ್ರಂ ಹೋಮ್ ಅನ್ನೋ ಬಾಗಿಲು ಒಂದಿದೆ. ಹೊರ ವರ್ತುಲ ರಸ್ತೆಯ ದಟ್ಟಣೆ ತಗ್ಗಿಸಲು ವಿಪ್ರೊ ಕ್ಯಾಂಪಸ್ ಒಳಗಿಂದ ವಾಹನ ಬಿಡಿ ಎಂದು 2025ರ ಸೆಪ್ಟೆಂಬರ್‌ನಲ್ಲಿ ಮುಖ್ಯಮಂತ್ರಿಯೇ ಅಜೀಂ ಪ್ರೇಮ್‌ಜಿ ಅವರಿಗೆ ಪತ್ರ ಬರೆದರು. ಆಗದು ಎಂಬ ಉತ್ತರ ಬಂತು, ಆ ಮಾತು ಬಿಡಿ. ಮಾಲು ಹೇರಿಕೊಂಡು ಮಾರುಕಟ್ಟೆಗೆ ಹೊರಟ ಮುನವಳ್ಳಿಯ ರೈತ ಮನೆಯಿಂದ ಲಾಗಿನ್ ಆಗೋಕೆ ಆಗುತ್ತಾ?

ಈಗ ನಮ್ಮ ಬಾಗಿಲಿಗೇ ಇದು ಬರುತ್ತಿದೆ. ಸವದತ್ತಿ ಯಲ್ಲಮ್ಮನ ಗುಡ್ಡದ ಅಭಿವೃದ್ಧಿಗೆ ಕೇಂದ್ರ ಸರಕಾರ 2024ರಲ್ಲಿ 100 ಕೋಟಿ ರೂಪಾಯಿ ಮಂಜೂರು ಮಾಡಿದೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಮೊದಲೇ ಲಕ್ಷಗಟ್ಟಲೆ ಜನ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳ ಗುಡ್ಡದ ಪ್ರಯಾಣ ಇನ್ನೂ ಸಲೀಸಾಗಿದೆ. ಯರಗಟ್ಟಿ ಕಡೆಯಿಂದ ಬರುವ ಗಾಡಿಗಳು ಮುನವಳ್ಳಿ ಹಾದೇ ಸವದತ್ತಿಗೆ ಹೋಗಬೇಕು. ಜಾತ್ರೆ ದಿನ ನಮ್ಮ ಪೇಟೆ ದಾಟೋದು ಅಂದರೆ ಏನು ಅಂತ ನಿಮಗೂ ಗೊತ್ತು.

ಗುಡ್ಡದ ಮೇಲೆ ಏನೇನು ಕಟ್ಟುತ್ತಾರೆ ಅಂತ ಎಲ್ಲರೂ ಕೇಳುತ್ತಿದ್ದಾರೆ. ಕಟ್ಟುವಾಗ ಜಲ್ಲಿ, ಸಿಮೆಂಟಿನ ಟಿಪ್ಪರ್ ಯಾವ ರಸ್ತೆಯಲ್ಲಿ, ಎಷ್ಟೊತ್ತಿಗೆ ಓಡುತ್ತವೆ? ಹುಣ್ಣಿಮೆ ವಾರ ಕೆಲಸ ನಿಲ್ಲಿಸುತ್ತಾರಾ? ಗಾಡಿಗಳನ್ನು ಊರ ಹೊರಗೇ ನಿಲ್ಲಿಸಿ, ಅಲ್ಲಿಂದ ಗುಡ್ಡಕ್ಕೆ ಬಸ್ ಬಿಡುತ್ತಾರಾ? ಪುರಸಭೆ ಸದಸ್ಯರು ಸಿಕ್ಕಾಗ, ಶಾಸಕರು ಬಂದಾಗ ಇದನ್ನೂ ಕೇಳ್ರಿ. ಟೆಂಡರ್ ಕಾಗದದಲ್ಲಿ ಬರೆದಿದ್ದರೆ ಮಾತ್ರ ಗುತ್ತಿಗೆದಾರರನ್ನು ಹಿಡಿದು ಮಾಡಿಸಬಹುದು.