ಓಲಾಡಿ ನಿಲ್ಲುವ ಕಲಿಕೆ

ಮಕ್ಕಳ ಫಿಸಿಯೋಥೆರಪಿ ಕೋಣೆಗೆ ಮೊದಲ ಸಲ ಬಂದ ತಾಯಂದಿರಿಗೆ ಎದೆ ಝಲ್ಲೆನ್ನುವುದುಂಟು. ಸರಿಯಾಗಿ ಕೂರಲೂ ಬಾರದ ಮಗುವನ್ನು ಗಾಳಿ ತುಂಬಿದ ದೊಡ್ಡ ಚೆಂಡಿನ ಮೇಲೆ ಕೂರಿಸಿ, ಸೊಂಟ ಹಿಡಿದು, ಥೆರಪಿಸ್ಟ್ ಬೇಕೆಂದೇ ಒಂದು ಪಕ್ಕಕ್ಕೆ ಓಲಿಸುತ್ತಾರೆ. ಮಗು ವಾಲುತ್ತದೆ, ಕತ್ತು ನೆಟ್ಟಗೆ ಮಾಡಲು ಹೆಣಗುತ್ತದೆ. ಥೆರಪಿಸ್ಟ್ ತಕ್ಷಣ ಎತ್ತಿ ಕೂರಿಸುವುದಿಲ್ಲ, ಕಾಯುತ್ತಾರೆ. ಚಿಕಿತ್ಸೆಯ ತಿರುಳೆಲ್ಲ ಹಾಗೆ ಕಾಯುವುದರಲ್ಲೇ ಇದೆ.

ಸೆರೆಬ್ರಲ್ ಪಾಲ್ಸಿ, ಮನೆಮಂದಿಯ ಬಾಯಲ್ಲಿ ಸಿ.ಪಿ., ಬೆಳೆಯುವ ಮಿದುಳಿಗೆ ಬಿದ್ದ ಪೆಟ್ಟಿನಿಂದ ಬರುವ ತೊಂದರೆ. ದಿನ ತುಂಬದೆ ಹುಟ್ಟಿದ್ದು, ಹೆರಿಗೆಯಲ್ಲಿ ಆಮ್ಲಜನಕ ಸಾಲದಾದದ್ದು, ವಿಪರೀತ ಕಾಮಾಲೆ ಹೀಗೆ ಕಾರಣಗಳು ಹಲವು. ಕಷ್ಟದ ಹೆರಿಗೆಗೂ ಮಕ್ಕಳ ಕೈಕಾಲಿನ ಬಿಗಿತಕ್ಕೂ ನಂಟಿದೆ ಎಂದು ಲಂಡನ್ನಿನ ವೈದ್ಯ ವಿಲಿಯಂ ಜಾನ್ ಲಿಟಲ್ 1861ರಲ್ಲೇ ಹೇಳಿದ್ದರು. ಆದ ಪೆಟ್ಟು ಮುಂದೆ ಹೆಚ್ಚುವುದಿಲ್ಲ, ಮಾಯುವುದೂ ಇಲ್ಲ. ಆದರೆ ಪೆಟ್ಟು ತಿಂದ ಮಿದುಳೂ ಕಲಿಯುತ್ತದೆ.

ಅದು ಕಲಿಯಬೇಕಾದದ್ದು ಸಮತೋಲನ. ಗೂಟದ ಮೇಲಿನ ಅಂಗಿಗೆ ನಾವು ಕೈ ಚಾಚುತ್ತೇವೆ. ಕೈ ಮೇಲೇಳುವ ಮುನ್ನವೇ ಕಾಲಿನ, ಬೆನ್ನಿನ ಸ್ನಾಯುಗಳು ಬಿಗಿದು ದೇಹವನ್ನು ಅಣಿ ಮಾಡಿರುತ್ತವೆ. ಕಣ್ಣು, ಒಳಗಿವಿ, ಪಾದ ಮತ್ತು ಕೀಲುಗಳು ಕೊಡುವ ಸುದ್ದಿಯನ್ನು ಮಿದುಳು ಹೊಂದಿಸಿಕೊಂಡು ಇದನ್ನೆಲ್ಲ ನಡೆಸುತ್ತದೆ. ಸಿ.ಪಿ. ಇರುವ ಮಗುವಿನಲ್ಲಿ ಈ ಸರದಿ ತಪ್ಪುತ್ತದೆ. ಒಂದರ ಹಿಂದೊಂದು ಕೆಲಸ ಮಾಡಬೇಕಾದ ಸ್ನಾಯುಗಳು ಒಟ್ಟಿಗೇ ಸೆಟೆಯುತ್ತವೆ, ಇಲ್ಲವೇ ತಡವಾಗಿ ಎಚ್ಚರಗೊಳ್ಳುತ್ತವೆ.

ಅಮೆರಿಕದ ಆ್ಯನ್ ಶಮ್‌ವೇ-ಕುಕ್, ಮಾರ್ಜೊರಿ ವೂಲಕಾಟ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಲ್ಲಿ ನೆನಪಾಗುತ್ತದೆ. ಸಿ.ಪಿ. ಇರುವ ಆರು ಮಕ್ಕಳನ್ನು ಅಲುಗುವ ಹಲಗೆಯ ಮೇಲೆ ನಿಲ್ಲಿಸಿ, ದಿನಕ್ಕೆ 100 ಸಲದಂತೆ ಐದು ದಿನ ಹಲಗೆಯನ್ನು ಸರಕ್ಕನೆ ಜರುಗಿಸಿದರು. ಮಕ್ಕಳು ಮೊದಲಿಗಿಂತ ಬೇಗ ಸಾವರಿಸಿಕೊಳ್ಳತೊಡಗಿದರು, ತಿಂಗಳ ನಂತರವೂ ಆ ಕಲಿಕೆ ಉಳಿದಿತ್ತು. ಆರೇ ಮಕ್ಕಳಾದ್ದರಿಂದ ಇದರ ಮೇಲೆ ದೊಡ್ಡ ಮಾತು ಕಟ್ಟಲಾಗದು. ಆದರೂ ದಾರಿ ತೋರಿಸುವ ಫಲಿತಾಂಶ ಇದು.

ನಮ್ಮಲ್ಲಿ ಎಣ್ಣೆ ನೀವಿ, ಕಾಲು ಎಳೆದು ಮಡಿಸುವುದನ್ನೇ ಥೆರಪಿ ಎಂದುಕೊಂಡವರು ಬಹಳ. ಮಗು ಸುಮ್ಮನೆ ಮಲಗಿರುತ್ತದೆ, ದೊಡ್ಡವರು ಬೆವರುತ್ತಾರೆ. ಮಗುವಿಗೆ ಹಿತವೆನಿಸಬಹುದು, ಸಮತೋಲನ ಮಾತ್ರ ಬಾರದು. ಆಸ್ಟ್ರೇಲಿಯಾದ ಅಯೋನಾ ನೊವಾಕ್ ಮತ್ತು ಸಹೋದ್ಯೋಗಿಗಳು ಹಲವಾರು ಚಿಕಿತ್ಸೆಗಳನ್ನು ಒರೆಗೆ ಹಚ್ಚಿ 2013ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಹಸಿರು ದೀಪ ಸಿಕ್ಕವುಗಳಲ್ಲಿ ಗುರಿ ಇಟ್ಟುಕೊಂಡು ಮಗು ತಾನೇ ಮಾಡುವ ಅಭ್ಯಾಸ, ಮನೆಯಲ್ಲಿ ನಡೆಸುವ ಅಭ್ಯಾಸ ಸೇರಿವೆ.

ಗುರಿ ಎಲ್ಲರಿಗೂ ಒಂದೇ ಅಲ್ಲ. ಕೆನಡಾದಲ್ಲಿ 1997ರಲ್ಲಿ ರೂಪುಗೊಂಡ ವರ್ಗೀಕರಣ ಈ ಮಕ್ಕಳ ಚಲನೆಯನ್ನು ಐದು ಹಂತಗಳಲ್ಲಿ ಗುರುತಿಸುತ್ತದೆ. ಮೊದಲ ಹಂತದ ಹುಡುಗಿಗೆ ಕುಂಟೆಬಿಲ್ಲೆ ಆಡುವಾಗ ಒಂಟಿಗಾಲಲ್ಲಿ ನಿಲ್ಲುವುದು ಗುರಿಯಾಗಬಹುದು. ನಾಲ್ಕನೆಯ ಹಂತದ ಹುಡುಗನಿಗೆ ಬೆನ್ನಿಗೆ ಕಡಿಮೆ ಆಸರೆ ಇಟ್ಟುಕೊಂಡು ಕೂರುವುದೇ ಗುರಿ. ಇದನ್ನು ಸಣ್ಣದೆಂದು ಎಣಿಸಬಾರದು. ಬೀಳದಿರಲು ನೆಲಕ್ಕೆ ಊರಿದ್ದ ಕೈ ಬಿಡುವಾದರೆ ತಾನೇ ತುತ್ತು ಎತ್ತಬಹುದು, ಬಳಪ ಹಿಡಿಯಬಹುದು. ನಿಲ್ಲಬಲ್ಲ ಮಕ್ಕಳ ಪ್ರಗತಿ ಅಳೆಯಲು 14 ಕೆಲಸಗಳ, 56 ಅಂಕಗಳ ಮಾಪನವೊಂದಿದೆ: ಕೂತಲ್ಲಿಂದ ಏಳುವುದು, ತಿರುಗಿ ಹಿಂದೆ ನೋಡುವುದು, ನೆಲದ ವಸ್ತು ಎತ್ತಿಕೊಳ್ಳುವುದು ಇತ್ಯಾದಿ.

ಮನೆಯಲ್ಲಿ ದುಬಾರಿ ಸಲಕರಣೆ ಬೇಕಿಲ್ಲ. ಪಾದ ಪೂರ್ತಿ ನೆಲಕ್ಕೆ ತಾಗುವಂಥ ಗಿಡ್ಡ ಸ್ಟೂಲು, ಅತ್ತಿತ್ತ ಇಟ್ಟ ಬೆಂಡೆಕಾಯಿ, ಚಾಚಿ ಎತ್ತಿಕೊಡೆಂದು ಕೇಳುವ ಅಜ್ಜಿ ಇದ್ದರೆ ಅದೇ ಅಭ್ಯಾಸ. ಹಿಡಿತವನ್ನು ಎದೆಯಿಂದ ಸೊಂಟಕ್ಕೆ, ಸೊಂಟದಿಂದ ತೊಡೆಗೆ ಇಳಿಸುತ್ತಾ ಬರಬೇಕು. ಯಾವಾಗ ಇಳಿಸಬೇಕೆಂದು ಥೆರಪಿಸ್ಟ್ ಹೇಳುತ್ತಾರೆ. ಪಾದಕ್ಕೆ ಸ್ಪ್ಲಿಂಟ್ ಕೊಟ್ಟಿದ್ದರೆ ಅಳತೆ ಚಿಕ್ಕದಾಗುತ್ತಿದ್ದಂತೆ ಬದಲಿಸಬೇಕು.

ಇಂಥ ಮಕ್ಕಳಿಗೆ ಥೆರಪಿ ಕೊಡುವ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಬೆಂಗಳೂರಿನ ಇಂದಿರಾನಗರದಲ್ಲಿದೆ. ದೂರದ ಊರಿನವರಿಗೆ ವಾರವಾರ ಬಸ್ಸು ಹತ್ತಿ ಅಲ್ಲಿಗೆ ಬರುವುದು ಸುಲಭವಲ್ಲ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳಿರುವುದು ಇಂಥವರಿಗಾಗಿಯೇ. ಕೇಂದ್ರ ಸರ್ಕಾರದ ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ನಿರಾಮಯ ಆರೋಗ್ಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನದು, ಥೆರಪಿಯ ಖರ್ಚಿಗೂ ಅದರಲ್ಲಿ ಅವಕಾಶವಿದೆ. ಒಂಬತ್ತು ತಿಂಗಳಾದರೂ ಆಸರೆಯಿಲ್ಲದೆ ಕೂರದ, ಇಲ್ಲವೇ ವರ್ಷ ತುಂಬುವ ಮೊದಲೇ ಒಂದೇ ಕೈಯನ್ನು ಬಳಸುವ ಮಗುವನ್ನು ಕೂಡಲೇ ತೋರಿಸಿ. ಸಿ.ಪಿ. ಇರುವ ಮಕ್ಕಳು ಕೂರುವ, ನಿಲ್ಲುವ, ನಡೆಯುವ ಶಕ್ತಿಯ ಬಹುಪಾಲನ್ನು ಐದು ವರ್ಷದೊಳಗೇ ಗಳಿಸುತ್ತಾರೆ.