ಸೂರ್ಯಾಸ್ತಕ್ಕೆ ಮುನ್ನ ಊಟ, ಸಂಜೆ ಮೈದಾನ: ಕ್ರೀಡೆಯಲ್ಲಿರುವ ಮಕ್ಕಳ ಆಹಾರ ಹೇಗಿರಬೇಕು?

ಓಟವಾಗಲಿ, ಕಬಡ್ಡಿಯಾಗಲಿ, ಆಟಗಾರರ ಸಾಮರ್ಥ್ಯವನ್ನು ನಿರ್ಧರಿಸುವ ಅಂಶಗಳು ಹಲವು. ಮೈಕಟ್ಟು, ವಂಶವಾಹಿ, ವಯಸ್ಸು ಯಾರ ಕೈಯಲ್ಲೂ ಇಲ್ಲ. ತರಬೇತಿ ಕೋಚ್ ಕೈಯಲ್ಲಿದೆ. ಮನೆಯವರ ಕೈಯಲ್ಲಿ ಉಳಿಯುವುದು ಊಟ, ನೀರು, ನಿದ್ರೆ. ರಾತ್ರಿ ಭೋಜನ ತ್ಯಾಗ ಪಾಲಿಸುವ ಮನೆಗಳಲ್ಲಿ ಇವುಗಳ ವೇಳೆಯೇ ದೊಡ್ಡ ಪ್ರಶ್ನೆ.

ನವೆಂಬರ್ ಕೊನೆಯಲ್ಲಿ ಬೆಂಗಳೂರಿನಲ್ಲಿ ಸೂರ್ಯಾಸ್ತ ಸುಮಾರು 5.50ಕ್ಕೆ. ಶಾಲೆ ಬಿಟ್ಟು ಅಭ್ಯಾಸಕ್ಕೆ ಹೋದ ಮಗು ಮನೆ ಸೇರುವಷ್ಟರಲ್ಲಿ ಊಟದ ಹೊತ್ತು ಮೀರಿರುತ್ತದೆ. ಮಧ್ಯಾಹ್ನ 1 ಗಂಟೆಗೆ ಡಬ್ಬಿ ಖಾಲಿ ಮಾಡಿದವನು ಮತ್ತೆ ತಿನ್ನುವುದು ಮರುದಿನ ಬೆಳಿಗ್ಗೆ 7ಕ್ಕೆ ಎಂದರೆ 18 ಗಂಟೆಗಳ ಅಂತರ, ಅದರ ನಡುವೆ ಎರಡು ಗಂಟೆ ಓಟ.

ಅನ್ನ, ರಾಗಿ, ಗೋಧಿಯಿಂದ ಬಂದ ಶಕ್ತಿಯನ್ನು ಸ್ನಾಯುಗಳು ಗ್ಲೈಕೋಜನ್ ರೂಪದಲ್ಲಿ ಕೂಡಿಡುತ್ತವೆ. ಬಿರುಸಿನ ಆಟದಲ್ಲಿ ಹೆಚ್ಚಾಗಿ ಖರ್ಚಾಗುವುದು ಇದೇ. ಆಟ ಮುಗಿದ ಮೊದಲ ಕೆಲವು ಗಂಟೆಗಳಲ್ಲಿ ಇದು ಬೇಗ ತುಂಬಿಕೊಳ್ಳುತ್ತದೆ. ಮುಂದಿನ ಅಭ್ಯಾಸಕ್ಕೆ 24 ಗಂಟೆ ಇದ್ದರೆ ಅವಸರವಿಲ್ಲ, ದಿನದ ಒಟ್ಟು ಆಹಾರ ಸಾಕಷ್ಟಿದ್ದರಾಯಿತು. ಸಂಜೆ ಆಡಿ ಮರುದಿನ ಬೆಳಿಗ್ಗೆಯೂ ಓಡಬೇಕಾದವರಿಗೇ ಕಷ್ಟ.

ಸಾಧ್ಯವಾದರೆ ಅಭ್ಯಾಸವನ್ನು ಬೆಳಿಗ್ಗೆಗೆ ಬದಲಿಸುವುದೇ ಒಳ್ಳೆಯದು. ಆಗದಿದ್ದರೆ ಮೈದಾನಕ್ಕೆ ಹೋಗುವ ಮುನ್ನ ಇಡ್ಲಿ, ಅವಲಕ್ಕಿ ಅಥವಾ ಚಪಾತಿ. ಸೂರ್ಯಾಸ್ತಕ್ಕೆ ಮೊದಲು ಹತ್ತು ನಿಮಿಷ ಬಿಡುವು ಕೇಳಿ ಬಾಳೆಹಣ್ಣು, ಖರ್ಜೂರ, ಹಾಲು. ಕೋಚ್ ಬಳಿ ಇದನ್ನು ಕೇಳಲು ಮಕ್ಕಳು ನಾಚುತ್ತಾರೆ. ಪಾಲಕರೇ ಒಮ್ಮೆ ಹೋಗಿ ಮಾತಾಡಬೇಕು. ಅಂದಹಾಗೆ, ಆಲೂಗಡ್ಡೆ ಇಲ್ಲದೆ ಶಕ್ತಿ ಬರುವುದಿಲ್ಲ ಎಂಬ ಮಾತಿಗೆ ಆಧಾರವಿಲ್ಲ.

ರಾತ್ರಿ ನೀರನ್ನೂ ಬಿಡುವವರು ಇನ್ನಷ್ಟು ಎಚ್ಚರ ವಹಿಸಬೇಕು. ಬೆವರಿನಿಂದ ದೇಹದ ತೂಕ ಶೇ. 2ಕ್ಕಿಂತ ಹೆಚ್ಚು ಇಳಿದರೆ ದಮ್ಮು ಕುಗ್ಗುತ್ತದೆ. 50 ಕಿಲೋ ತೂಕದ ಹುಡುಗನಿಗೆ ಅದು ಒಂದು ಲೀಟರ್ ನೀರು ಅಷ್ಟೇ. ಅಭ್ಯಾಸದ ಮೊದಲು ಮತ್ತು ನಂತರ ತೂಕ ನೋಡಿದರೆ ತಿಳಿಯುತ್ತದೆ.

ಹೆಣ್ಣುಮಕ್ಕಳ ವಿಷಯದಲ್ಲಿ ಕಬ್ಬಿಣಾಂಶ ಮುಖ್ಯ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ಗೆ ಅದು ಬೇಕು, ಆದರೆ ಕಾಳು–ಸೊಪ್ಪಿನಲ್ಲಿರುವ ಕಬ್ಬಿಣ ಮೈಗೆ ಹತ್ತುವುದು ಕಡಿಮೆ. ಜೊತೆಗೆ ನಿಂಬೆ ಅಥವಾ ನೆಲ್ಲಿಕಾಯಿ ಇರಲಿ, ಊಟದೊಡನೆ ಟೀ ಬೇಡ. ಚಾತುರ್ಮಾಸದಲ್ಲಿ ಸೊಪ್ಪು ಬಿಡುವ ಮನೆಗಳಲ್ಲಿ ಕಡಲೆ, ಹುರುಳಿ ಹೆಚ್ಚಿಸಬೇಕು. ಬಿ12 ಸಸ್ಯಾಹಾರದಲ್ಲಿ ಸಿಗುವುದು ಹಾಲು, ಮೊಸರಿನಿಂದ. ಸದಾ ಸುಸ್ತು ಎನ್ನುವ ಮಗುವಿಗೆ ರಕ್ತ ಪರೀಕ್ಷೆ ಮಾಡಿಸುವುದು ಒಳಿತು. ಸೋಮಾರಿ ಎಂದು ಗದರಿಸುವುದು ಆಮೇಲಿರಲಿ.

ದಶಲಕ್ಷಣ ಪರ್ವದ ದಿನಗಳಲ್ಲೇ ಎಷ್ಟೋ ಕಡೆ ಶಾಲಾ ಕ್ರೀಡಾಕೂಟಗಳೂ ಬರುತ್ತವೆ. ಉಪವಾಸದ ದಿನ ಕಠಿಣ ಅಭ್ಯಾಸ ಕೂಡದು, ತಲೆಸುತ್ತು ಬಂದರೆ ಅಲ್ಲಿಗೇ ನಿಲ್ಲಿಸಬೇಕು. ಯಾವ ದಿನ ಉಪವಾಸ, ಯಾವ ದಿನ ಏಕಾಶನ ಎಂಬುದನ್ನು ಮನೆಯ ಹಿರಿಯರು, ಕೋಚ್, ವೈದ್ಯರು ಮೊದಲೇ ಕೂಡಿ ತೀರ್ಮಾನಿಸುವುದು ಉತ್ತಮ.

ನಿದ್ರೆಯ ವಿಷಯದಲ್ಲಿ ಮಾತ್ರ ಈ ಮಕ್ಕಳಿಗೆ ಅನುಕೂಲವೇ. 13ರಿಂದ 18 ವಯಸ್ಸಿನವರಿಗೆ 8ರಿಂದ 10 ಗಂಟೆ ನಿದ್ರೆ ಬೇಕು. ಬೇಗ ಊಟ ಮುಗಿದ ಮನೆಯಲ್ಲಿ ಬೇಗ ಮಲಗುವುದು ಸುಲಭ, ಮೊಬೈಲ್ ಬೇರೆ ಕೋಣೆಯಲ್ಲಿದ್ದರೆ.