ಸಿಪ್ಯಾಪ್ ಮಾಸ್ಕಿಗೆ ಒಪ್ಪುವ ದಿಂಬು

ಪ್ರಶ್ನೆ: ಸಿಪ್ಯಾಪ್ ಹಾಕಿಕೊಂಡು ಮಲಗುವವರು ಅದಕ್ಕೆಂದೇ ಮಾರುವ ದಿಂಬನ್ನು ಕೊಳ್ಳಲೇಬೇಕೇ?

ಉತ್ತರ: ಹಾಗೇನಿಲ್ಲ. 1981ರಲ್ಲಿ ಆಸ್ಟ್ರೇಲಿಯಾದ ವೈದ್ಯ ಕಾಲಿನ್ ಸಲಿವನ್ ಪ್ರಕಟಿಸಿದ ಸಿಪ್ಯಾಪ್ ವಿಧಾನದಲ್ಲಿ, ನಿದ್ದೆಯಲ್ಲಿ ಮುಚ್ಚಿಕೊಳ್ಳುವ ಗಂಟಲನ್ನು ಮಾಸ್ಕಿನ ಮೂಲಕ ಬರುವ ಗಾಳಿಯ ಒತ್ತಡ ತೆರೆದಿಡುತ್ತದೆ. ಮಾಸ್ಕಿನ ಅಂಚಿನಲ್ಲಿ ಗಾಳಿ ಸೋರಿದರೆ ಬೇಕಾದ ಒತ್ತಡ ನಿಲ್ಲದೆ ಹೋಗಬಹುದು, ಕಣ್ಣೂ ಒಣಗೀತು. ಹಾಗಾಗಿ ದಿಂಬು ಮೆತ್ತಗಿದೆಯೇ ಎನ್ನುವುದಕ್ಕಿಂತ ಅದು ಮಾಸ್ಕನ್ನು ತಳ್ಳುತ್ತದೆಯೇ ಎಂದು ನೋಡಬೇಕು. ಬೂರುಗದ ಹತ್ತಿಯ ಉಬ್ಬು ದಿಂಬಿನಲ್ಲಿ ಮಗ್ಗುಲಾದರೆ ಕೆನ್ನೆ ಹೂತು, ಮಾಸ್ಕ್ ಮೂಗಿನಿಂದ ಪಕ್ಕಕ್ಕೆ ಸರಿಯುತ್ತದೆ. ಅಂಗಾತ ಮಲಗಿದರಾಯಿತಲ್ಲ ಎನ್ನಬಹುದು. ಆದರೆ ಅನೇಕರಲ್ಲಿ ಉಸಿರು ಕಟ್ಟುವುದು ಹೆಚ್ಚುವುದೇ ಆ ಭಂಗಿಯಲ್ಲಿ. ಅದಕ್ಕಿಂತ, ಹಾಸಿಗೆಗೂ ಕತ್ತಿಗೂ ನಡುವಿನ ಸಂದು ತುಂಬುವಷ್ಟು ಎತ್ತರದ, ತುಸು ಗಟ್ಟಿಯಾದ ದಿಂಬಿಟ್ಟು, ಮಾಸ್ಕ್ ಅದರ ಅಂಚಿನಾಚೆ ಉಳಿಯುವಂತೆ ಮಗ್ಗುಲಾಗಿ ಮಲಗುವುದು ಲೇಸು. ಬದಿ ಕತ್ತರಿಸಿದ ದುಬಾರಿ ದಿಂಬು ಮಾಡುವುದೂ ಇಷ್ಟನ್ನೇ; ಮನೆಯ ದಿಂಬಿನಿಂದ ಇದು ಸಾಧ್ಯವಾಗದಿದ್ದರೆ ಆಗ ದುಡ್ಡು ಬಿಚ್ಚಿ. ಚಳಿಗೆ, ಮಾಸ್ಕಿಗೆ ಗಾಳಿ ತರುವ ಕೊಳವೆಯೊಳಗೆ ನೀರು ಹನಿಗಟ್ಟುತ್ತಿದ್ದರೆ ಕೊಳವೆಯನ್ನು ಹೊದಿಕೆಯೊಳಗೆ ಇಟ್ಟುಕೊಳ್ಳಬಹುದು. ಮುಸುಕು ಹಾಕಿ ಮಲಗುವ ಅಭ್ಯಾಸ ಮಾತ್ರ ಬೇಡ: ಬಿಟ್ಟ ಉಸಿರು ಹೊರಹೋಗುವುದು ಮಾಸ್ಕಿನ ಸಣ್ಣ ರಂಧ್ರಗಳಿಂದ, ಕಂಬಳಿ ಅವನ್ನು ಮುಚ್ಚಬಾರದು.